ಅರವತ್ತೊಂದು ಕೀಲಿ

ಸೋಮವಾರ ಬಿಟ್ಟುಹೋದ, ಮಾರಾಟದ ಹುಡುಗ:
ಕಪ್ಪು ಡಬ್ಬಿ, ಒಳಗೆ ಮೆತ್ತನೆ ಹಾಸು,
ಹಾಸಿನಲ್ಲಿ ಎರಡಂಗೈ ಅಗಲದ ಕೀಲಿಮಣೆ.
“ಏಳು ದಿನ ಇಟ್ಟುಕೊಳ್ಳಿ, ಮೋ ಅಮ್ಮಾ,
ಒತ್ತಿ ನೋಡಿ, ಆಮೇಲೆ ನಲವತ್ತಕ್ಕೆ ಹೇಳಿ.”
ಒಂದರ ಬೆಲೆಗೆ ನನ್ನಂಗಡಿಯ ಹುಡುಗರು
ಎಂಬತ್ತು ಬಟ್ಟಲು ರಾಮ್ಯನ್ ಉಣ್ಣುತ್ತಾರೆ.
ಎಣಿಸಿದ್ದೇನೆ. ಎಣಿಸುವುದೇ ನನ್ನ ಕಸುಬು.

ಮೊಕ್ಪೋ ಬಂದರಿನ ಬೆನ್ನಿಗೆ, ಎರಡನೇ ಮಹಡಿ,
ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಆಟದಂಗಡಿ.
ಇಲ್ಲಿಗೆ ಬೆಳಗು ಬರುವುದು
ಮೆಟ್ಟಿಲ ಮೇಲಿನ ಚಪ್ಪಲಿ ಸದ್ದಾಗಿ ಮಾತ್ರ.

ಮೊದಲು ತೂಗಿದೆ, ಅಡುಗೆಯ ತಕ್ಕಡಿಯಲ್ಲಿ.
ಒಂದೂಕಾಲು ಕಿಲೋ. ಇಷ್ಟು ಗಿಡ್ಡಕ್ಕೆ ಅಷ್ಟು ಭಾರ!
ಸೋತವರು ಏನೇನು ಎತ್ತಿ ಬಿಸಾಡುತ್ತಾರೆಂದು
ಕಂಡವಳಿಗೆ ಇದೂ ಒಂದು ಲೆಕ್ಕ.

ಆಮೇಲೆ ಸದ್ದು. ಹಳೆಯವು
ಹುರಿದ ಕಾಳು ಅಗಿದ ಹಾಗೆ ರಾತ್ರಿಯೆಲ್ಲ ಕಟಕಟ.
ಇದು ಒದ್ದೆ ಹಲಗೆಗೆ ಗೋಲಿ ಬಿದ್ದಂತೆ, ಥೊಕ್,
ಅಷ್ಟೇ. ಇನ್ನೊಮ್ಮೆ ಕೇಳಬೇಕೆನಿಸುವಷ್ಟು.
ಒತ್ತಿದೆ ಇನ್ನೊಮ್ಮೆ.

ಬಾಣದ ಕೀಲಿಗಳಿಲ್ಲ.
ಎರಡನ್ನು ಕೂಡಿ ಒತ್ತಿದರೆ ಬಾಣ ಬರುತ್ತದಂತೆ,
ಒಳಜೇಬಿನಲ್ಲಿ ಹೊಲಿದಿಟ್ಟ ದುಡ್ಡಿನ ಹಾಗೆ.
ಹನ್ನೊಂದನೇ ಕುರ್ಚಿಯ ಗುಕ್ ತಾತನಿಗೆ
ಇದನ್ನು ಯಾರು ತಿಳಿಸಬೇಕು? ದಿನಕ್ಕೆ ಎರಡು ತಾಸು
ಬೀಳುವ ಇಟ್ಟಿಗೆಗಳನ್ನು ಜೋಡಿಸುತ್ತಾನೆ,
ನಾಲ್ಕು ಬಾಣ ಬಿಟ್ಟರೆ ಬೇರೆ ದಿಕ್ಕು ಅರಿಯ.

ಬುಧವಾರ ಇಪ್ಪತ್ತಮೂರನೇ ಕುರ್ಚಿಯ ತಾಕ್ ಜುನ್‌ಹಾಗೆ ಕೊಟ್ಟೆ.
ತಂಡದವರು ಕೈಬಿಟ್ಟ ಮೇಲೆ
ಅವನು ಮಾತು ಕೈಬಿಟ್ಟಿದ್ದ.
“ಕೂದಲೆಳೆಯಷ್ಟು ಒತ್ತಿದರೂ ಕೇಳಿಸಿಕೊಳ್ಳುತ್ತೆ, ಇಮೋ”
ಎಂದವನು ಮೂರು ಸಲ ಸತ್ತ, ಮೂರು ಸಲವೂ
ತನ್ನದೇ ಬೆರಳಿಂದ. ಕೀಲಿಯ ಮೇಲೆ
ಬೆರಳು ತಂಗಿಸುವ ಅಭ್ಯಾಸ ಅವನಿಗೆ;
ಇದಕ್ಕೆ ತಂಗಿದ್ದೂ ಒಂದೇ, ಒತ್ತಿದ್ದೂ ಒಂದೇ.
ಆಳವನ್ನು ಒಂದೂವರೆ ಮಿಲಿಮೀಟರಿಗೆ ಇಳಿಸಿಕೊಂಡ.
ಆಮೇಲೆ ಬದುಕಿದ, ಸುಮಾರು ಹೊತ್ತು.

ನಮ್ಮ ಅಕ್ಷರಗಳಿಗೊಂದು ಕಟ್ಟಳೆ ಇದೆ:
ವ್ಯಂಜನ ಎಡಗೈಗೆ, ಸ್ವರ ಬಲಗೈಗೆ.
ಆಟದಲ್ಲೋ ಬಲಗೈ ಮೌಸಿನ ಮೇಲೆ.
ಹಾಗಾಗಿ ನನ್ನ ನಲವತ್ತು ಹಳೆ ಮಣೆಗಳಲ್ಲೂ
ಜ, ಮ, ನ ಮತ್ತು ಸೊನ್ನೆ
ಸವೆದು ಬೋಳಾಗಿವೆ;
ಆ, ಒ, ಈ ತಂದ ದಿನದಂತೆ ಇವೆ.
ಸ್ವರ ಕೂಡದೆ ವ್ಯಂಜನಕ್ಕೆ ಬಾಯಿಲ್ಲ.
ರಾತ್ರಿಯಿಡೀ ಒತ್ತುತ್ತಾರೆ, ಒತ್ತುತ್ತಲೇ ಇರುತ್ತಾರೆ,
ಬೆಳಗಾದರೂ ಒಂದು ಮಾತಾಗುವುದಿಲ್ಲ.

ಗುರುವಾರ, ನಸುಕಿನ ನಾಲ್ಕು.
ನಾನೇ ಕೂತೆ.
ಮೂವತ್ತೊಂದು ವರ್ಷದ ಕೆಳಗೆ
ಮೀನು ಹರಾಜುಕಟ್ಟೆಯಲ್ಲಿ ಕುಟ್ಟುತ್ತಿದ್ದ ಪಟ್ಟಿ
ಕೇಳದೆಯೇ ಬೆರಳಿಂದ ಇಳಿಯಿತು:
ತೊರಕೆ, ಹನ್ನೆರಡು ಪೆಟ್ಟಿಗೆ.
ಬಂಗುಡೆ, ಮೂವತ್ತು.
ಅಷ್ಟಪದಿ, ಇಪ್ಪತ್ತು, ಜೀವ ಇದೆ.
ಅಂಕಿ ಹುಡುಕುತ್ತ ಬಲಗೈ ಬಲಕ್ಕೆ ಜಿಗಿದು
ಪ್ರತಿ ಸಲವೂ ಮೇಜಿನ ಬರಿ ಹಲಗೆಗೆ ಬಡಿಯಿತು.
ಕೈಗೆ ಗೊತ್ತು ಎಲ್ಲಿರಬೇಕೆಂದು.
ಇರುವುದಿಲ್ಲವೆಂದು ಕೈಗೆ ಹೇಳುವವರಾರು?

ಹಿಂದಿನಿಂದ ಜುನ್‌ಹಾ: “ಇಮೋ, ಯಾವ ಆಟ ಇದು?”
“ಹರಾಜು.”
“ಗೆದ್ದಿರಾ?”
“ತೊರಕೆ ಅಗ್ಗಕ್ಕೆ ಹೋಯಿತು.”
ಅವನು ನಕ್ಕದ್ದು ನಾನು ಕೇಳಿದ್ದು ಅದೇ ಮೊದಲು.

ಸೋಮವಾರ ಬಂದ, ಇಸ್ತ್ರಿ ಅಂಗಿ, ರಸೀದಿ ಪುಸ್ತಕ.
ಹೇಳಿದೆ: ಸದ್ದು ಚಂದ. ಭಾರ ಹೆಚ್ಚು.
ರಾಮ್ಯನ್ ಸಾರು ಚೆಲ್ಲಿದರೆ ಗತಿ ಏನು, ನೀನು ಹೇಳಲಿಲ್ಲ.
ತಾತನ ಬಾಣ ಇಲ್ಲ, ನನ್ನ ಅಂಕಿ ಇಲ್ಲ.
ನಲವತ್ತು ಬೇಡ.
ಒಂದು ಕೊಡು. ಇದನ್ನೇ, ಬಳಸಿದ್ದನ್ನೇ,
ಬಳಸಿದ್ದರ ಬೆಲೆಗೆ.
ಅವನು ಮುಖ ಸೊಟ್ಟ ಮಾಡಿದ, ಆದರೆ ಬರೆದ.

ಇಪ್ಪತ್ತಮೂರಕ್ಕೆ ಹಾಕಿದ್ದೇನೆ.
ಇವತ್ತು ಬೆಳಗ್ಗೆ ಒರೆಸಲು ಹೋದಾಗ ಕಂಡೆ:
ಎಡಗಡೆಯಲ್ಲಷ್ಟೇ ಅಲ್ಲ,
ಬಲಗಡೆ ಆ ಮೇಲೆ, ಒ ಮೇಲೆ
ರಾಮ್ಯನ್ನಿನ ಕೆಂಪೆಣ್ಣೆಯ ಬೆರಳಚ್ಚು.
ಯಾರಿಗೋ ಏನೋ ಬರೆದಿದ್ದಾನೆ.

ಬಟ್ಟೆ ಹಿಂಡಿ
ಮೊದಲು ಪಕ್ಕದ ಮೇಜು ಒರೆಸಿದೆ.