ಉಳಿದಿರುವ ಸಮಯ

ಓಶ್ ಪೇಟೆಯ ನನ್ನ ಗೂಡಂಗಡಿಗೆ
ಬೆಟ್ಟದಿಂದಿಳಿದು ಬಂದಳು ಬುರುಲ್ಚಾ.
ಫೋನು ತುಂಬಿದೆ, ಹೊಸ ಮರಿಗಳಿಗೆ ಜಾಗವಿಲ್ಲ.
ನಾಲ್ಕಕ್ಕೆ ವ್ಯಾನು.

ಕೇಬಲ್ ಸಿಕ್ಕಿಸಿದೆ.
ಹನ್ನೊಂದು ನಿಮಿಷ, ಎಂದಿತು ಕಂಪ್ಯೂಟರು.
ಆಮೇಲೆ ಎರಡು ಗಂಟೆ. ಆಮೇಲೆ ಒಂದು ದಿನ.
ಮತ್ತೆ, ನಾಚಿಕೊಂಡಂತೆ, ನಲವತ್ತು ನಿಮಿಷ.
"ನನ್ನ ಗಂಡನೂ ಹೀಗೇ," ಅಂದಳು,
"ಈಗ ಬಂದೆ ಅಂತ ಹೋದವನು
ಕುದುರೆ ಮಾರಿ ಮೂರನೇ ದಿನ ಬಂದ."

ಹಸಿರು ಪಟ್ಟಿ ಕೆಸರಲ್ಲಿ ಕಾಲು ಕಿತ್ತಿಡುತ್ತಿತ್ತು.
ಅವಳು ಕಾಯಲಿಲ್ಲ, ಒಂದೊಂದೇ ಪಟ ಹೇಳತೊಡಗಿದಳು:
ಜೂನಿನಲ್ಲಿ ಡೇರೆಯ ನೆತ್ತಿಗಿಂಡಿಯಿಂದ
ನೇರ ಒಲೆಗೇ ಉದುರಿದ ಹಿಮ,
ಒಂದೇ ಕಾಲಿಗೆ ಬಿಳಿ ಸಾಕ್ಸು ತೊಟ್ಟ ಹೆಣ್ಗುದುರೆ,
ಆಮೇಲೊಂದು, ಬರೀ ಕತ್ತಲು.
"ಅದನ್ನು ಅಳಿಸಬೇಡ. ಅದರೊಳಗೆ ತೋಳವಿದೆ."

ತೊಂಬತ್ತೆರಡಕ್ಕೆ ನಿಂತಿತು.
ಹೊರಗೆ ವ್ಯಾನಿನ ಹಾರ್ನು.
ಫೋನು ಕಿತ್ತುಕೊಂಡು, ಒಣಮೊಸರಿನ ನಾಲ್ಕು ಉಂಡೆ ಮೇಜಿಗಿಟ್ಟು
"ಉಳಿದದ್ದು ಮುಂದಿನ ವಾರ" ಎಂದು ಓಡಿದಳು.

ಒಂದು ಉಂಡೆ ಬಾಯಿಗಿಟ್ಟೆ. ಕಲ್ಲು.
ಕರಗಲಿಕ್ಕೆ ಹೊತ್ತು ಬೇಕು.

ಡ್ರಾಯರಿನಲ್ಲಿ ಹೊಸ ಕೇಬಲ್ ಇತ್ತು,
ಹತ್ತು ಪಟ್ಟು ವೇಗದ್ದು.
ತೋಳ ಬರುವ ಮೊದಲೇ ನೆನಪಾಗಿತ್ತು ನನಗೆ.
ಡ್ರಾಯರಿಗೆ ಮೊಣಕಾಲು ಒತ್ತಿ ಕೂತಿದ್ದೆ.