ಬಿಟ್ಟ ಸ್ಥಳ

ವಿರಾಜಪೇಟೆಯ ನನ್ನ ಕೋಣೆಯಲ್ಲೊಂದು ಕಬ್ಬಿಣದ ಬೀರು.
ಒಳಗೆ ಚೋಮಿ ಅಜ್ಜಿ, ನಲವತ್ತೊಂದು ಕ್ಯಾಸೆಟ್ಟು.
ಹೊರಗೆ ನಾನು,
ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು
ಇಪ್ಪತ್ತೊಂದು ವರ್ಷ.

ಬೂಷ್ಟು ಹಿಡಿಯದಿರಲೆಂದು ಮಳೆಗಾಲವಿಡೀ
ಬೀರುವಿನೊಳಗೆ ಅರವತ್ತು ವ್ಯಾಟಿನ ಬಲ್ಬು ಉರಿಸಿದ್ದೇನೆ.
ಇಷ್ಟು ಜೋಪಾನ ಮಗನಿಗೂ ಮಾಡಲಿಲ್ಲವೆಂದು
ಅವನೇ ಅನ್ನುತ್ತಾನೆ.

ತಿತಿಮತಿಯಾಚೆಯ ತೋಟ, ಲೈನ್‌ಮನೆಯ ಮೆಟ್ಟಿಲು,
ಕುಯ್ಲು ಮುಗಿಸಿ ಬಂದು, ಬೆರಳಿನ ಅಂಟು ಕೆರೆಯುತ್ತ
ಆಕೆ ಹೇಳಿದ್ದು:
ಖಾಲಿ ಕುಕ್ಕೆಯ ತಳಕ್ಕೆ ಮೊದಲ ಕಾಫಿಹಣ್ಣು ಬಿದ್ದ ಸದ್ದಿಗೆ
ಎರವರಲ್ಲೊಂದು ಮಾತಿದೆ. ಅದು ________.
(ಬಿಟ್ಟಿದ್ದೇನೆ. ಕಾರಣ ಆಮೇಲೆ.)
ಆನೆ ಬಂದದ್ದಕ್ಕೊಂದು,
ಬಂದು ಹೋದದ್ದಕ್ಕೆ ಇನ್ನೊಂದು,
ಬರಲಿದೆಯೆಂದು ನಾಯಿಗೆ ಮಾತ್ರ ತಿಳಿದ ಹೊತ್ತಿಗೆ
ಮತ್ತೂ ಒಂದು.

ಬರೆದುಕೊಂಡೆ, ಅಕ್ಷರದ ಮೇಲೆ ಚುಕ್ಕಿ, ಕೆಳಗೆ ಗೆರೆ.
ಪ್ರಬಂಧವಾಯಿತು, ಪದವಿಯಾಯಿತು, ಪುಸ್ತಕವಾಯಿತು.
ಬೆಲೆ ಎಂಟುನೂರೈವತ್ತು,
ಆಗ ಆಕೆಯ ಹತ್ತು ದಿನದ ಕೂಲಿ.
ಕೊನೆಯ ಪುಟದಲ್ಲಿ
‘ಮಾಹಿತಿದಾರರು: ೧’ ಎಂದು ಅಜ್ಜಿಯನ್ನು ಎಣಿಸಿದೆ.

ಕಣ್ಣೂರಿನಿಂದ ಹುಡುಗಿಯೊಬ್ಬಳು ಕೇಳಿದ್ದಳು:
‘ಧ್ವನಿ ಸಿಗಬಹುದೇ ಮೇಡಂ? ನೀವು ಬರೆದ ಸ್ವರ
ನಮ್ಮ ಬೆಟ್ಟದ ಕಡೆ ಬೇರೆಯೇ ಕೇಳುತ್ತದೆ.’
ಇನ್ನೊಂದು ಲೇಖನ ಬಾಕಿಯಿದೆ ಅಂದೆ.
ಸುಳ್ಳಲ್ಲ. ಹತ್ತು ವರ್ಷ ಬಾಕಿಯೇ ಇತ್ತು.
ನುಡಿ ಹೆಕ್ಕುವ ನಮ್ಮವರೆಲ್ಲ ಹೀಗೇ,
ದರ ಏರಲೆಂದು ಕರಿಮೆಣಸು ಮೂಟೆ ಕಟ್ಟಿಟ್ಟು
ಮಗ್ಗುಲ ತೋಟದವನ ಅಟ್ಟದಲ್ಲೆಷ್ಟಿದೆಯೆಂದು
ನಿದ್ದೆಗೆಡುವವರು.

ಹೋದ ಡಿಸೆಂಬರಿನಲ್ಲಿ ಬಂದಳು ರಜಿತ,
ಅಜ್ಜಿಯ ಮೊಮ್ಮಗಳು, ಗೋಣಿಕೊಪ್ಪದಲ್ಲಿ ನರ್ಸು,
ರಾತ್ರಿಪಾಳಿ ಮುಗಿಸಿ ಹಾಗೇ ಬಸ್ಸು ಹತ್ತಿ.
‘ನಿಮ್ಮ ಪುಸ್ತಕ ನೋಡಿದೆ. ಅಜ್ಜಿ ಅದರಲ್ಲಿಲ್ಲ.
ಕೆಮ್ಮು ಎಲ್ಲಿ? ನನ್ನನ್ನು ಗದರಿಸಿದ್ದು?
ನಿಮ್ಮ ಮೈಕಿನ ತಂತಿ ಕಚ್ಚುತ್ತಿದ್ದೆನಂತೆ ನಾನು.’

ಹನ್ನೆರಡನೆಯ ಕ್ಯಾಸೆಟ್ಟು, ಎರಡನೇ ಮಗ್ಗುಲು.
‘ಗದ್ದಲ’ ಎಂದು ಬರೆದು ನಾನೇ ಅಡ್ಡಗೆರೆ ಎಳೆದ ಜಾಗ.
ಕೂಸಿನ ಅಳು, ಅಜ್ಜಿಯ ಬೈಗುಳ,
ಬೈಗುಳದ ನಡುವೆ
ನನ್ನ ಕೋಶಕ್ಕೆ ಸಿಗದೆ ಹೋದ ಮೂರು ಕ್ರಿಯಾಪದ.
ರಜಿತ ಕಣ್ಣು ಒರೆಸಿಕೊಂಡಳು. ಆಮೇಲೆ
ಇದ್ದಕ್ಕಿದ್ದಂತೆ ನಕ್ಕಳು:
‘ಅಯ್ಯೋ, ಇದು ಆನೆ ಹೋದದ್ದಲ್ಲ ಮೇಡಂ,
ಮಂಜು ಹೋದದ್ದು!’

ಇಪ್ಪತ್ತೊಂದು ವರ್ಷ
ಮಂಜನ್ನು ಆನೆಯೆಂದು ಪಾಠ ಹೇಳಿದ್ದೇನೆ.
ನನ್ನ ನಂಬಿ ಮೂವರು ಅದೇ ಆನೆಯ ಬಾಲ ಹಿಡಿದು
ಡಾಕ್ಟರೇಟು ದಾಟಿದ್ದಾರೆ.
ತಿದ್ದುವ ಕಿವಿ ಹನ್ನೆರಡು ಮೈಲಿ ದೂರದಲ್ಲೇ ಇತ್ತು.
ಕೀಲಿ ನನ್ನ ಸೊಂಟದಲ್ಲಿತ್ತು.

ಹುಮ್ಮಸ್ಸು ಬಂತು. ಎಲ್ಲ ತೆರೆದಿಡುತ್ತೇನೆ ಅಂದೆ,
ಧ್ವನಿ, ಟಿಪ್ಪಣಿ, ತಪ್ಪು, ಅಡ್ಡಗೆರೆ ಸಮೇತ,
ಯಾರು ಬೇಕಾದರೂ ಕಾಸಿಲ್ಲದೆ ಕೇಳಲಿ, ಜಗಳವಾಡಲಿ.
ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು, ನಾಡಿ ನೋಡುವವಳ ಹಾಗೆ.
‘ಮೂವತ್ತನೆಯದು ಬೇಡ. ಅದು ಸತ್ತವರೊಡನೆ ಆಡುವ ಮಾತು.
ಉಳಿದದ್ದಕ್ಕೂ ಹಾಡಿಯವರನ್ನು ಕೇಳಬೇಕು.’

ಕೇಳದೆ ಬೀಗ ಜಡಿದವಳು
ಕೇಳದೆ ಮುರಿಯಹೊರಟಿದ್ದೆ.

ಭಾನುವಾರ ಹಾಡಿಯ ಅಂಗಳದಲ್ಲಿ ಕೂತೆವು.
ಸಣ್ಣ ಸ್ಪೀಕರು, ಕಡುಕಾಪಿ,
ಹೆಸರು ಹಿಡಿದು ನಗುವ, ನಗುತ್ತಲೇ ಮೌನವಾಗುವ ಜನ.
ನಾಲ್ಕು ಕ್ಯಾಸೆಟ್ಟು ಅವರಲ್ಲೇ ಉಳಿದವು.
ಮಿಕ್ಕವು ಹೊರಡುತ್ತಿವೆ, ಒಂದೊಂದಾಗಿ,
ಗಂಟೆಯ ಧ್ವನಿಗೆ ಗಂಟೆಯೇ ಹಿಡಿಯುತ್ತದೆ ನಕಲು.
‘ಮಾಹಿತಿದಾರರು: ೧’ ಹೊಡೆದುಹಾಕಿ
ರಜಿತ ತನ್ನ ಪೆನ್ನಿನಲ್ಲೇ ಅಜ್ಜಿಯ ಹೆಸರು ಬರೆದಳು,
ನನ್ನ ಹೆಸರಿಗಿಂತ ಸ್ವಲ್ಪ ದಪ್ಪಗೆ.

ಕುಕ್ಕೆಯ ಸದ್ದಿನ ಮಾತೊಂದು ಬಾಕಿ.
ಅದು ತನ್ನಮ್ಮ ಕಟ್ಟಿದ್ದು ಎನ್ನುತ್ತಾನೆ ತೋಲ,
ಯೋಚಿಸಿ ಹೇಳುತ್ತಾನಂತೆ, ಕುಯ್ಲು ಮುಗಿಯಲಿ.
ಅಲ್ಲಿಯವರೆಗೆ ಅದು ________.

ಖಾಲಿ ಬೀರುವಿನಲ್ಲಿ
ಬಲ್ಬು ಇನ್ನೂ ಉರಿಯುತ್ತಿದೆ,
ಆರಿಸಲು ಮರೆತು ಬಂದಿದ್ದೇನೆ.