ಮೊಹರಿನ ಮೇಲಿನ ಮರ

ಹೊಸ ಮೊಹರು ಬಂದದ್ದು ರಾಯಭಾರ ಕಚೇರಿಯ ಚೀಲದಲ್ಲಿ,
ಹತ್ತಿಯಲ್ಲಿ ಸುತ್ತಿ, ಹಸುಗೂಸಿನ ಹಾಗೆ;
ಅನುದಾನದ ಪಟ್ಟಿಯಲ್ಲಿ ನಲವತ್ತೊಂದನೆಯ ಬಾಬ್ತು.
ಒತ್ತಿ ನೋಡಿದೆ.
ನಮ್ಮ ಲಾಂಛನದ ರಾಜತಾಳೆಯ ಜಾಗದಲ್ಲಿ
ಒಂದು ತೆಂಗಿನಮರ, ಸೊಂಟ ಬಳುಕಿಸಿ,
ಹೋಟೆಲಿನ ಪೋಸ್ಟ್‌ಕಾರ್ಡಿನಿಂದ ಎದ್ದು ಬಂದಂತೆ.

ಹೇಳಿದೆ. "ಮರ ಮರವೇ, ಮದಾಮ್ ಇವ್ರೋಜ್,"
ಅಂದರು ಕಾರ್ಯದರ್ಶಿ. "ಶಾಯಿ ಚೆನ್ನಾಗಿ ಹಿಡಿಯುತ್ತದಲ್ಲ?"

ಹಿಡಿಯುತ್ತದೆ.

ಭೂಮಿ ನಡುಗಿದ ದಿನ ಅರಮನೆ ಕುಸಿಯಿತು;
ಅಂದಿನಿಂದ ಸರ್ಕಾರ ಬಾಡಿಗೆ ಮನೆಯ ಸಂಸಾರ.
ಈಗ ಗುಡ್ಡದ ಮೇಲೊಂದು ಬಂಗಲೆ.
ಕೆಳಗೆ ಪೇಟೆಯಲ್ಲಿ ಗುಂಡಿನ ಸದ್ದಾದರೆ
ಕಿಟಕಿ ಮುಚ್ಚುತ್ತೇವೆ,
ಸೊಳ್ಳೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.

ಪರಿಷತ್ತಿನಲ್ಲಿ ಏಳು ಕುರ್ಚಿ.
ಎರಡು ತಿಂಗಳಿಗೊಮ್ಮೆ ನಡುವಿನ ಕುರ್ಚಿಗೆ ಹೊಸಬರು.
ಬಡಗಿ ದ್ಯೂಸೆಲ್ ಬಂದು ನಾಲ್ಕು ತಿರುಪು ಬಿಚ್ಚಿ
ಹೆಸರಿನ ಹಲಗೆ ಬದಲಿಸುತ್ತಾನೆ.
ಈಗೀಗ ತಿರುಪನ್ನು ಪೂರ್ತಿ ಬಿಗಿಯುವುದಿಲ್ಲ ಅವನು.

ಎಂಟನೆಯ ಕುರ್ಚಿ ಗೋಡೆಯ ಬದಿಗೆ. ಅದಕ್ಕೆ ಹಲಗೆಯಿಲ್ಲ.
ಅಲ್ಲಿ ಕೂರುವವನು ಮಾತಾಡಿದ್ದು ನಾನು ಕೇಳಿಲ್ಲ.
ಕನ್ನಡಕ ತೆಗೆದು ಒರೆಸುತ್ತಾನೆ, ಅಷ್ಟೇ;
ಮಾತಾಡುತ್ತಿದ್ದವರು ನೀರು ಕುಡಿಯುತ್ತಾರೆ.

ಒಮ್ಮೆ ಮೆಸಿದೋರ್ ಮೇಷ್ಟ್ರು ನೀರು ಕುಡಿಯಲಿಲ್ಲ.
ಮೂವತ್ತು ವರ್ಷ ಜ್ಯಾಕ್ಮೆಲ್‌ನಲ್ಲಿ ಲೆಕ್ಕ ಕಲಿಸಿದವರು.
ಬಂದರಿನ ಸುಂಕ ಎಷ್ಟು, ಯಾರ ಜೇಬಿಗೆ,
ಪೊಲೀಸರ ಸಂಬಳ ಎಷ್ಟು ತಿಂಗಳು ಬಾಕಿ,
ದಾನ ಬಂದ ಕವಚದ ಗಾಡಿ ಕೆಟ್ಟು ನಿಂತರೆ
ಒಂದು ಬೋಲ್ಟಿಗೆ ಯಾವ ದೇಶದ ಅನುಮತಿ,
ಪೆನ್ಸಿಲಿನಲ್ಲಿ ಬರೆದು, ಕೂಡಿ, ಕಳೆದು,
ಉತ್ತರದ ಕೆಳಗೆ ಎರಡು ಗೆರೆ ಎಳೆದರು.
ಶುಕ್ರವಾರ ಅವರ ವೀಸಾ ರದ್ದಾಯಿತು.
ಭಾನುವಾರ ಮಿಯಾಮಿಯಲ್ಲಿ ಮಗಳ ಮದುವೆ.
ಫೋನಿನಲ್ಲಿ ನೋಡಿದರು; ಸಿಗ್ನಲ್ ಬಂದು ಹೋಗಿ,
ಉಂಗುರ ತೊಡಿಸುವಾಗ ಚಿತ್ರ ನಿಂತೇ ಹೋಯಿತಂತೆ.
ಮುಂದಿನ ಸಭೆಯಲ್ಲಿ ಸಹಿ ಹಾಕಿದರು.
ನಾನು ಅವರನ್ನು ದೂರುವುದಿಲ್ಲ.
ರಾತ್ರಿ ನಿದ್ದೆ ಬಾರದಿದ್ದರೆ ಸ್ವಲ್ಪ ದೂರುತ್ತೇನೆ.

ಮಧ್ಯಂತರ ಸರ್ಕಾರ ಅನ್ನುತ್ತಾರೆ ನಮ್ಮನ್ನು.
ಆ ಮಾತು ಕೇಳಿದರೆ ನನಗೆ ಸಿನಿಮಾ ಮಂದಿರದ ನೆನಪು:
ದೀಪ ಹತ್ತುತ್ತಿತ್ತು, ಅಪ್ಪ ಹೊರಗೋಡಿ
ಕಾಗದದ ಪೊಟ್ಟಣದಲ್ಲಿ ಹುರಿದ ಕಡಲೆಕಾಯಿ ತರುತ್ತಿದ್ದ.
ನನ್ನ ಮಗ ಹುಟ್ಟಿದ್ದು ಒಂದು ಮಧ್ಯಂತರದಲ್ಲಿ,
ಅವನಿಗೆ ಮೀಸೆ ಬಂದದ್ದು ಇನ್ನೊಂದರಲ್ಲಿ.
ಕಡಲೆಕಾಯಿ ಮುಗಿದಿದೆ. ಸಿಪ್ಪೆ ಕಾಲ ಕೆಳಗೆ.
ಪ್ರೊಜೆಕ್ಟರ್ ಕೋಣೆಯ ಬೀಗದಕೈ ಯಾರ ಬಳಿ?

ಮುತ್ತಜ್ಜಂದಿರು ತಮ್ಮ ಮೈಯನ್ನು ತಾವೇ ಗೆದ್ದುಕೊಂಡು
ಆಮೇಲೆ ಅದಕ್ಕೂ ಬೆಲೆ ತೆತ್ತರು, ಕಂತುಗಳಲ್ಲಿ.
ಆ ಲೆಕ್ಕದ ಪುಸ್ತಕವೊಂದು ನಮ್ಮ ಕಡತದ ಕೋಣೆಯಲ್ಲಿತ್ತು;
ನಾನೇ ಧೂಳು ಒರೆಸಿದ್ದೇನೆ.

ಈಗ ಆ ಕಟ್ಟಡದಲ್ಲಿ ಊರು ಬಿಟ್ಟು ಓಡಿಬಂದವರು.
ಮಂತ್ರಿಯ ಕೋಣೆಯೊಂದರಲ್ಲೇ ಹನ್ನೊಂದು ಸಂಸಾರ,
ಕಡತಗಳಿಂದ ಒಲೆ ಹೊತ್ತಿಸಿ ಜೋಳದ ಗಂಜಿ.
ಕಳೆದ ಮಂಗಳವಾರ ಹೋದೆ, ನನ್ನ ಮೇಜು ಇದೆಯೇ ನೋಡಲು.
ಇತ್ತು. ಮೇಲೆ ಮಗು ಮಲಗಿತ್ತು.
ತಾಯಿ ರೋಜ್‌ಲೋರ್, ಹತ್ತೊಂಬತ್ತು ಇರಬಹುದು,
ನನ್ನ ಕೊರಳಿನ ಗುರುತಿನ ಚೀಟಿ ನೋಡಿ
"ಸರ್ಕಾರದವರಾ?" ಅಂದಳು.
ಬೈಯುತ್ತಾಳೆಂದುಕೊಂಡೆ.
"ಮಗು ಹುಟ್ಟಿದ್ದಕ್ಕೆ ಒಂದು ಕಾಗದ ಬೇಕಿತ್ತು."

ಹಳೆಯ ಮೊಹರು ನನ್ನ ಕೈಚೀಲದಲ್ಲೇ ಇದೆ.
ತಿಜೋರಿಗೆ ಒಪ್ಪಿಸಿಲ್ಲ; ಕೇಳಿದವರೂ ಇಲ್ಲ.
ಭೂಕಂಪದ ಬಿರುಕು ಬುಡದಿಂದ ನೆತ್ತಿಯ ಟೋಪಿಯವರೆಗೆ,
ಆದರೂ ರಾಜತಾಳೆ ನೆಟ್ಟಗಿದೆ.
ಅರ್ಧ ಸುಟ್ಟ ಸುತ್ತೋಲೆಯೊಂದರ ಬೆನ್ನಿಗೆ
ಹೆಸರು, ದಿನ, ತಾಯಿ, ಊರು ಬರೆದೆ.
ತಂದೆ ಎಂಬಲ್ಲಿ ಅವಳು ಗೋಡೆ ನೋಡಿದಳು. ಖಾಲಿ ಬಿಟ್ಟೆ.
ಶಾಯಿ ಒಣಗಿತ್ತು. ಬಾಯಿಂದ ಹಬೆ ಊದಿ ಒತ್ತಿದೆ.
ಮೂಡಿತು, ಮುಕ್ಕಾಲು.

ಅಧಿಕಾರವಿತ್ತೇ ನನಗೆ? ಇರಲಿಲ್ಲ.
ಯಾರಿಗಿದೆ ಎಂದು ಕೇಳಿಕೊಂಡು ಕೂರಲು ಹೊತ್ತೂ ಇರಲಿಲ್ಲ;
ಹೊರಗೆ ಕೊನೆಯ ಟ್ಯಾಪ್‌ಟ್ಯಾಪ್ ಹಾರ್ನ್ ಹೊಡೆಯುತ್ತಿತ್ತು.

ಅವಳು ಕಾಗದವನ್ನು ಬೆಳಕಿಗೆ ಹಿಡಿದು
"ಇದು ಎಲ್ಲಿಯವರೆಗೆ ನಡೆಯುತ್ತೆ?" ಅಂದಳು.
ಫೆಬ್ರವರಿ ಏಳಕ್ಕೆ ಪರಿಷತ್ತಿನ ಅವಧಿ ಮುಗಿಯುತ್ತದೆ.
ಅದನ್ನು ಹೇಳಲಿಲ್ಲ.
ಒಣಗುವವರೆಗೆ ಮಡಚಬೇಡ, ಅಂದೆ.